ನಸುಗೆಂಪು ಜಲ್ಲಿ

3 ಜೂನ್ 1993

ಪುಟ್ಟಿ,

ನಿನ್ನ ಭಾವ ಮಂತ್ರಿಯಾದರು. ರೇಡಿಯೋದಲ್ಲಿ ಕೇಳಿರುತ್ತೀಯ. ಆದರೂ ನಾನೇ ಕೈಯಾರೆ ಬರೆದು ತಿಳಿಸಬೇಕು ಅನ್ನಿಸಿತು. ಖಾತೆ ಯಾವುದು ಗೊತ್ತಾ? ಲೋಕೋಪಯೋಗಿ. ರಸ್ತೆ, ಸೇತುವೆ, ಸರ್ಕಾರಿ ಕಟ್ಟಡ ಎಲ್ಲ. ಅಂದರೆ ನಿನ್ನ ಪ್ರಯೋಗಾಲಯಕ್ಕೂ ಅವರೇ ಯಜಮಾನರು. ಇನ್ನು ಮೇಲೆ ಭಾವ ಬಂದರೆ ಎದ್ದು ನಿಲ್ಲಬೇಕು, ಹುಷಾರು.

ಪ್ರಮಾಣವಚನದ ಹೊತ್ತಿಗೆ ನನಗೆ ಅಪ್ಪನೇ ನೆನಪಾಗುತ್ತಿದ್ದ. ಅಪ್ಪನ ಕೈಕೆಳಗೆ ಸೆಂಟ್ರಿಂಗ್ ಹಲಗೆ ಹೊರುತ್ತಿದ್ದ ಹುಡುಗ, ಹೊಸ ಮಾರುಕಟ್ಟೆಯ ಗೋಡೆಗೆ ಎಲ್ಲರೆದುರು ಸುತ್ತಿಗೆಯಲ್ಲಿ ಬಡಿದು ಗಾರೆ ಉದುರಿಸಿ, ಕಳಪೆ ಕೆಲಸ ಬಯಲು ಮಾಡಿ ನಗರಸಭೆಗೆ ಗೆದ್ದವರು, ಇವತ್ತು ಇಲ್ಲಿ. ಹೊರಗೆ ನಿಂತ ಜನ ಹೆಸರು ಹಿಡಿದು ಕೂಗಲಿಲ್ಲ. 'ಸುತ್ತಿಗೆ, ಸುತ್ತಿಗೆ' ಅಂತಲೇ ಕೂಗಿದರು. ಅವರ ಜೇಬಿನಲ್ಲಿ ನಿಜವಾಗಿಯೂ ಆ ಚಿಕ್ಕ ಸುತ್ತಿಗೆ ಇತ್ತು ಅಂದರೆ ನಂಬುತ್ತೀಯಾ? ಅಂಗಿಯ ಜೇಬು ಜೋತುಬಿದ್ದು ಫೋಟೋ ಎಲ್ಲ ಹಾಳು.

ಬಂಗಲೆಗೆ ಹನ್ನೊಂದು ಕೋಣೆ. ಮೂರು ಫೋನು ಇವೆ, ಯಾವುದನ್ನು ಎತ್ತಿದರೂ ಇನ್ನೊಂದು ತುದಿಯಲ್ಲಿ ಯಾರೋ ಉಸಿರಾಡುವುದು ಕೇಳಿಸುತ್ತದೆ. ನಮ್ಮಿಬ್ಬರಿಗೆ ಕಾಗದವೇ ವಾಸಿ. ಬಂದವರನ್ನೆಲ್ಲ ಪಿ.ಎ. ಬಾಗಿಲಲ್ಲೇ ಜರಡಿ ಹಿಡಿಯುತ್ತಾನೆ. ಒಬ್ಬ ಗುತ್ತಿಗೆದಾರ ಮಾತ್ರ ಸೀದಾ ಒಳಗೆ ಬರುತ್ತಾನೆ. ಮಳೆಗಾಲದಲ್ಲೂ ಬಿಳಿ ಶೂ ಹಾಕುತ್ತಾನೆ, ಒಂದು ಚುಕ್ಕೆ ಕೆಸರಿಲ್ಲ. ನಾನು ಅವನಿಗೆ ಬಿಳಿ ಶೂ ಅಂತಲೇ ಹೆಸರಿಟ್ಟಿದ್ದೇನೆ.

ಅಮ್ಮನಿಗೆ ಹೇಳು, ಅಳಿಯ ಮಂತ್ರಿಯಾದ ಅಂತ. ಏನಂದಳು ಬರಿ.

ನಿನ್ನ ಅಕ್ಕ


20 ಜೂನ್ 1993

ಅಕ್ಕಾ,

ಅಮ್ಮ ಅಂದದ್ದು ಇಷ್ಟು: "ಒಳ್ಳೇದು. ಇನ್ನಾದ್ರೂ ಹೊತ್ತಿಗೆ ಸರಿಯಾಗಿ ಊಟ ಮಾಡೋಕೆ ಹೇಳು." ಆಮೇಲೆ ಸಂಜೆ ಪಕ್ಕದ ಮನೆಯವರ ಜೊತೆ ಒಂದು ಗಂಟೆ ನಿಂತು ಮಾತಾಡಿದಳು. ವಿಷಯ ಯಾವುದು ಅಂತ ನಾನು ಕೇಳಲಿಲ್ಲ, ನೀನೂ ಕೇಳಬೇಡ.

ಕಚೇರಿಯಲ್ಲಿ ನನ್ನ ಬೆಲೆ ಒಂದೇ ದಿನದಲ್ಲಿ ಏರಿದೆ. ಹತ್ತು ವರ್ಷದಿಂದ ಅಲುಗಾಡುತ್ತಿದ್ದ ನನ್ನ ಕುರ್ಚಿಯ ಕಾಲನ್ನು ನಿನ್ನೆ ಯಾರೋ ಸರಿ ಮಾಡಿದ್ದಾರೆ. ನಾನು ಕೇಳಿರಲಿಲ್ಲ. ಅಲುಗಾಡದ ಕುರ್ಚಿಯಲ್ಲಿ ಕೂತರೆ ಬೇರೆಯವರ ಜಾಗದಲ್ಲಿ ಕೂತ ಹಾಗಾಗುತ್ತದೆ.

ಕೆಲಸ ಅದೇ. ಎಲ್ಲೆಲ್ಲಿ ಕಾಂಕ್ರೀಟ್ ಹಾಕುತ್ತಾರೋ ಅಲ್ಲಲ್ಲಿಂದ ಅದೇ ಕಲಸಿನ ಕ್ಯೂಬುಗಳನ್ನು ಕಬ್ಬಿಣದ ಅಚ್ಚಿನಲ್ಲಿ ತುಂಬಿ ಕಳಿಸುತ್ತಾರೆ. ಏಳನೇ ದಿನ ಮೂರು, ಇಪ್ಪತ್ತೆಂಟನೇ ದಿನ ಮೂರು ಯಂತ್ರದ ದವಡೆಗೆ ಇಟ್ಟು ಒಡೆಯುತ್ತೇವೆ. ಎಷ್ಟು ಭಾರಕ್ಕೆ ಒಡೆಯಿತು ಅನ್ನುವುದನ್ನು ಬರೆದು ನಾನು ಸಹಿ ಹಾಕುತ್ತೇನೆ. ಸಹಿ ಬಿದ್ದರೆ ಆ ಕಟ್ಟಡ ಗಟ್ಟಿ. ನಮ್ಮ ಅಟೆಂಡರ್ ತಾತ ಹೇಳುವ ಹಾಗೆ, "ಒಡೆದು ಒಡೆದು ಗಟ್ಟಿ ಅನ್ನೋ ಕೆಲಸ ನಮ್ಮದೊಂದೇ ಮೇಡಮ್ಮ."

ಭಾವನಿಗೆ ಹೇಳು, ಜೇಬಿನ ಸುತ್ತಿಗೆ ಬಿಡಬಾರದು ಅಂತ. ನಾನು ತಮಾಷೆಗೆ ಹೇಳುತ್ತಿಲ್ಲ.

ಪುಟ್ಟಿ


9 ನವೆಂಬರ್ 1993

ಅಕ್ಕಾ,

ನಿನ್ನಿಂದ ಕಾಗದ ಬಂದು ಐದು ತಿಂಗಳಾಯಿತು. ಕೆಲಸ ಜಾಸ್ತಿ ಇರುತ್ತದೆ ಬಿಡು. ಇದನ್ನು ಮಾತ್ರ ಕೂತು ಓದು, ಬಾಗಿಲು ಹಾಕಿಕೊಂಡು ಓದು.

ನಮ್ಮ ಊರಿನಿಂದ ನಲವತ್ತು ಕಿಲೋಮೀಟರ್ ಆಚೆ ಹೊಳೆಗೆ ಹೊಸ ಸೇತುವೆ ಕಟ್ಟುತ್ತಿದ್ದಾರೆ. ಗುತ್ತಿಗೆ ನಿನ್ನ ಬಿಳಿ ಶೂನದು. ಕಂಬಗಳ ಮೇಲಿನ ಹಾಸು, ಅಂದರೆ ಗಾಡಿ ಓಡುವ ಸ್ಲ್ಯಾಬಿಗೆ, ಕಳೆದ ವಾರ ಕಾಂಕ್ರೀಟ್ ಹಾಕಿದರು. ಇವತ್ತು ಏಳನೇ ದಿನ, ಕ್ಯೂಬುಗಳು ಬಂದವು, ಒಡೆದೆವು. ಚೆನ್ನಾಗಿ ಗಟ್ಟಿ. ಬೇಕಾದ್ದಕ್ಕಿಂತ ಹೆಚ್ಚೇ ಗಟ್ಟಿ.

ಒಡೆದ ಚೂರನ್ನು ಕೈಗೆತ್ತಿಕೊಂಡೆ. ಒಳಗಿನ ಜಲ್ಲಿ ನಸುಗೆಂಪು.

ಅಕ್ಕಾ, ನೀನೂ ಮೇಸ್ತ್ರಿ ಮಗಳು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಕಡೆಯ ಕ್ವಾರಿಗಳಲ್ಲಿ ಸಿಗುವುದು ಕರಿಕಲ್ಲು ಮಾತ್ರ. ಸೇತುವೆಯ ಹತ್ತಿರ ಕರಿಜಲ್ಲಿಯ ಗುಡ್ಡವೇ ಇದೆ, ಭಾನುವಾರ ಬಸ್ಸಿನಲ್ಲಿ ಆ ಕಡೆ ಹೋದಾಗ ಕಣ್ಣಾರೆ ಕಂಡಿದ್ದೆ. ನಸುಗೆಂಪು ಕಲ್ಲು ಇರುವುದು ನಿಮ್ಮ ರಾಜಧಾನಿಯ ಸುತ್ತ. ಹಾಗಾದರೆ ಈ ಕ್ಯೂಬು ಸೇತುವೆಯದಲ್ಲ. ಬೇರೆಲ್ಲೋ ಒಳ್ಳೆಯ ಕಲಸಿನಿಂದ ಮಾಡಿ, ಸೇತುವೆಯ ಗುರುತು ಗೀಚಿ ಕಳಿಸಿದ್ದಾರೆ. ಆಮೇಲೆ ನಾಲ್ಕು ತಿಂಗಳ ಹಳೆಯ ಚೂರುಗಳನ್ನು ಹಿತ್ತಲಲ್ಲಿ ಕೆದಕಿದೆ. ಐದು ಬೇರೆ ಬೇರೆ ಸೇತುವೆ, ಐದಕ್ಕೂ ನಸುಗೆಂಪು ಜಲ್ಲಿ. ಆ ಐದಕ್ಕೂ ಸಹಿ ನನ್ನದೇ. ಬರೆದ ಅಂಕಿ ಸುಳ್ಳಲ್ಲ, ಆ ಕ್ಯೂಬು ಅಷ್ಟು ಗಟ್ಟಿ ಇದ್ದದ್ದು ನಿಜ. ಯಾವುದರ ಕ್ಯೂಬು ಅನ್ನುವುದಷ್ಟೇ ಸುಳ್ಳು.

ನಮ್ಮ ಮೇಲಧಿಕಾರಿಗೆ ಹೇಳಿದೆ. "ಕಲ್ಲಿಗೂ ಕುಲ ಕೇಳ್ತೀರೇನಮ್ಮಾ? ಬಂದಿದ್ದನ್ನ ಒಡೆಯೋದಷ್ಟೇ ನಮ್ಮ ಕೆಲಸ" ಅಂದರು. ಅವರಿಗಿಂತ ಮೇಲಕ್ಕೆ ಬರೆಯಬಹುದು. ಬರೆದರೆ ಮೊದಲು ಮಸಿ ಬೀಳುವುದು ಭಾವನ ಮುಖಕ್ಕೆ. ಮನೆಯ ಮಾತು ಮನೆಯಲ್ಲೇ ಮುಗಿಯಲಿ ಅಂತ ನಿನಗೆ ಬರೆಯುತ್ತಿದ್ದೇನೆ. ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ, ಯಾವ ಸೇತುವೆ, ಯಾವ ದಿನ ಎಲ್ಲ ಅದರಲ್ಲಿದೆ. ಪಿ.ಎ. ಕೈಗೆ ಕೊಡಬೇಡ. ಭಾವನ ಕೈಗೇ ಕೊಡು. ಅವರು ಹಾಸಿನಿಂದ ನಾಲ್ಕು ಕಡೆ ಕೊರೆದು ತುಂಡು ತೆಗೆಸಿ ನೋಡಿದರೆ ಸಾಕು, ಒಂದೇ ದಿನದ ಕೆಲಸ.

ಮೂವತ್ತನೇ ತಾರೀಕು ಇಪ್ಪತ್ತೆಂಟನೇ ದಿನ. ಅಂದು ನಾನು ಸಹಿ ಹಾಕಬೇಕು. ಅಷ್ಟರೊಳಗೆ ನಿನ್ನ ಉತ್ತರ ಬರಲಿ.

ಪುಟ್ಟಿ


24 ನವೆಂಬರ್ 1993

ಪುಟ್ಟಿ,

ನಿನ್ನ ಕಾಗದ ಸಿಕ್ಕಿತು. ಅವರಿಗೆ ಹೇಳಿದ್ದೇನೆ. ನೋಡುತ್ತಾರಂತೆ. ನೀನು ತಲೆ ಕೆಡಿಸಿಕೊಳ್ಳದೆ ನಿಯಮದ ಪ್ರಕಾರ ಏನು ಮಾಡಬೇಕೋ ಮಾಡು.

ಇಲ್ಲಿ ಗಾಳಿಸುದ್ದಿ ಜೋರಾಗಿದೆ. ಮುಖ್ಯಮಂತ್ರಿಗಳ ಆರೋಗ್ಯ ಸರಿಯಿಲ್ಲ, ಮುಂದೆ ಯಾರು ಅಂದರೆ ಹತ್ತರಲ್ಲಿ ಏಳು ಜನ ನಿನ್ನ ಭಾವನ ಕಡೆ ನೋಡುತ್ತಾರೆ. ಮನೆಯಲ್ಲಿ ದಿನಕ್ಕೆ ಇನ್ನೂರು ಲೋಟ ಚಹಾ. ಊರಾಚೆ ನನ್ನ ಹೆಸರಿನಲ್ಲಿ ಒಂದು ಮನೆ ಕಟ್ಟಿಸುತ್ತಿದ್ದಾರೆ, ನಿನಗೆ ಹೇಳಿರಲಿಲ್ಲ. ಅಧಿಕಾರ ಇವತ್ತು ಇರುತ್ತದೆ ನಾಳೆ ಹೋಗುತ್ತದೆ, ತಲೆ ಮೇಲೆ ಸೂರು ಬೇಡವಾ? ಕಿಟಕಿಗೆ ಯಾವ ಬಣ್ಣ ಅಂತ ತೀರ್ಮಾನವಾಗಿಲ್ಲ. ನಿನಗೆ ತಿಳಿ ಹಸಿರು ಇಷ್ಟ ಅಲ್ಲವಾ?

ಅಮ್ಮನ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ.

ಅಕ್ಕ


17 ಜನವರಿ 1994

ಅಕ್ಕಾ,

ನವೆಂಬರ್ ಮೂವತ್ತರಂದು ಬಂದ ಕ್ಯೂಬಿನ ಒಳಗೂ ಅದೇ ನಸುಗೆಂಪು. ನಿನ್ನ ಕಾಗದವನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು 'ಹೇಳಿದ್ದೇನೆ, ನೋಡುತ್ತಾರಂತೆ' ಅನ್ನುವ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದೆ. ನನ್ನ ಸಹಿ ಏನೇ ಹೇಳಲಿ, ಭಾವ ಹಾಸನ್ನು ಕೊರೆಸಿ ನೋಡೇ ನೋಡುತ್ತಾರೆ, ಅವರು ಟೊಳ್ಳನ್ನು ಬಿಟ್ಟವರಲ್ಲ ಅಂತ ನಂಬಿದ್ದೆ.

ಯಾರೂ ಬರಲಿಲ್ಲ. ಯಾರೂ ಕೊರೆಯಲಿಲ್ಲ. ಬಂದದ್ದು ನನಗೆ ಬಡ್ತಿಯ ಆದೇಶ. ಹಳೆಯ ಅಧಿಕಾರಿಯನ್ನು ಎತ್ತಂಗಡಿ ಮಾಡಿ ಪ್ರಯೋಗಾಲಯಕ್ಕೆ ನನ್ನನ್ನೇ ಮುಖ್ಯಸ್ಥೆ ಮಾಡಿದ್ದಾರೆ. ಬಾಗಿಲ ಮೇಲೆ ಫಲಕ ಹೊಸದು. ತಾತ ಅದನ್ನು ಒರೆಸುತ್ತಾ, "ಮೇಡಮ್ಮ, ಇನ್ಮೇಲೆ ಬೈಸ್ಕೊಳ್ಳೋಕೂ ನಿಮಗಿಂತ ಮೇಲೆ ಯಾರೂ ಇಲ್ಲ" ಅಂದ. ನಗು ಬರಲಿಲ್ಲ. ಇನ್ನು ಮುಂದೆ ಯಾವ ಪ್ರಮಾಣಪತ್ರದಲ್ಲೂ ನನ್ನದೊಂದೇ ಸಹಿ.

ಬಾಯಿ ಮುಚ್ಚಿಸುವ ಲಂಚ ಅನ್ನುತ್ತಾರಲ್ಲ, ಇದು ಅದೇನಾ? ನೇರ ಕೇಳುತ್ತಿದ್ದೇನೆ, ನೇರ ಹೇಳು. ನೀನು ಕೊಟ್ಟಾಗ ಭಾವ ಆ ಹಾಳೆಯನ್ನು ಓದಿದರಾ? ಓದಿ ಏನಂದರು? ಅವರ ಬಾಯಿಂದ ಬಂದ ಮಾತನ್ನು ಇದ್ದ ಹಾಗೆ ಬರಿ.

ಪುಟ್ಟಿ


11 ಫೆಬ್ರವರಿ 1994

ಪುಟ್ಟಿ,

ಒಳ್ಳೆಯದು ಮಾಡಿದರೂ ನಿನಗೆ ಹುಳುಕೇ ಕಾಣುತ್ತದೆ. ಬಡ್ತಿ ಕೊಡಿಸಿ ಅಂತ ಕೇಳಿದ್ದು ನಾನು. ಹತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ತೇಯುತ್ತಿದ್ದಾಳೆ, ನಮ್ಮ ಕೈಲಿದ್ದಾಗ ಏನಾದರೂ ಮಾಡಿ ಅಂದೆ. ಇನ್ನೊಬ್ಬಳಾಗಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಮಂತ್ರಿಯ ಮನೆಯಲ್ಲಿ ಯಾರು ಯಾವಾಗ ಏನಂದರು ಅಂತ ಬರೆದಿಡಲು ಆಗುವುದಿಲ್ಲ. ಊಟದ ಮಧ್ಯೆ ಎದ್ದು ಹೋಗುತ್ತಾರೆ, ಮಾತಿನ ಮಧ್ಯೆ ಎದ್ದು ಹೋಗುತ್ತಾರೆ. ನಿನಗೆ ಗಂಡ ಇಲ್ಲ, ಮಕ್ಕಳಿಲ್ಲ, ಕಲ್ಲು ಒಡೆಯುವುದೇ ಸಂಸಾರ. ಅದಕ್ಕೇ ಎಲ್ಲೆಲ್ಲೂ ಬಿರುಕು ಕಾಣುತ್ತದೆ.

ಮುಂದಿನ ತಿಂಗಳು ಇಪ್ಪತ್ತನೇ ತಾರೀಕು ಆ ಸೇತುವೆಯ ಉದ್ಘಾಟನೆ. ನಾವಿಬ್ಬರೂ ಬರುತ್ತೇವೆ. ನೀನೂ ಬಾ, ಅಮ್ಮನನ್ನೂ ಕರೆದುಕೊಂಡು ಬಾ, ಕಾರು ಕಳಿಸುತ್ತೇನೆ. ಮುಖ ಗಂಟು ಹಾಕಿಕೊಂಡು ಬರಬೇಡ.

ಅಕ್ಕ


22 ಮಾರ್ಚ್ 1994

ಅಕ್ಕಾ,

ನಾನು ಬರಲಿಲ್ಲ, ಅಮ್ಮ ಬಂದಳು. ನೀನು ಕೊಟ್ಟ ಸೀರೆ ಉಟ್ಟುಕೊಂಡೇ ಮಲಗಿದ್ದಾಳೆ.

ಭಾವ ಕಂಬಕ್ಕೆ ಸುತ್ತಿಗೆಯಲ್ಲಿ ಮೂರು ಸಲ ಬಡಿದು, ಕಿವಿಗೊಟ್ಟು ಕೇಳಿ, "ಗಂಟೆ ಥರ ಇದೆ" ಅಂದರಂತೆ. ಜನ ಚಪ್ಪಾಳೆ ಹೊಡೆದರಂತೆ. ಕಂಬ ಗಟ್ಟಿಯಾಗೇ ಇದೆ ಅಕ್ಕಾ. ಕಂಬದ ಕ್ಯೂಬಿನಲ್ಲಿ ಕರಿಜಲ್ಲಿಯೇ ಇತ್ತು. ಮೇಲಿನ ಹಾಸಿಗೆ ಯಾಕೆ ಬಡಿಯಲಿಲ್ಲ ಅಂತ ಯೋಚಿಸುತ್ತಿದ್ದೇನೆ. ಬಗ್ಗಲು ಕಷ್ಟವಾಯಿತೋ, ಎಲ್ಲಿ ಬಡಿಯಬಾರದು ಅಂತ ಗೊತ್ತಿತ್ತೋ.

ಸಂಸಾರದ ಮಾತಿಗೆ ಉತ್ತರ ಬರೆಯುವುದಿಲ್ಲ.

ಪುಟ್ಟಿ


6 ಆಗಸ್ಟ್ 1994

ಪುಟ್ಟಿ,

ಸುದ್ದಿ ನಿನಗೂ ಗೊತ್ತಾಗಿರುತ್ತದೆ. ಬೆಳಿಗ್ಗೆ ಎಂಟೂ ಕಾಲಿಗೆ ಆ ಸೇತುವೆಯ ಹಾಸು ಕುಸಿಯಿತು. ಬಸ್ಸಿನ ಹಿಂದಿನ ಅರ್ಧ ಹೊಳೆಗೆ ಬಿತ್ತು. ಒಂಬತ್ತು ಜನ ಅನ್ನುತ್ತಿದ್ದಾರೆ.

ನೀನು ಯಾರ ಹತ್ತಿರವೂ ಏನೂ ಮಾತಾಡಬೇಡ. ನನಗೆ ಕಾಗದವನ್ನೂ ಬರೆಯಬೇಡ. ನನ್ನ ಕಾಗದಗಳು ನಿನ್ನ ಹತ್ತಿರ ಇದ್ದರೆ ಒಲೆಗೆ ಹಾಕು. ಎಲ್ಲ ಸರಿ ಹೋಗುತ್ತದೆ.

ಅಕ್ಕ


19 ಆಗಸ್ಟ್ 1994

ಅಕ್ಕಾ,

ಬರೆಯಬೇಡ ಅಂದರೂ ಬರೆಯುತ್ತಿದ್ದೇನೆ. ಬೇರೆ ದಾರಿಯಿಲ್ಲ.

ನನ್ನನ್ನು ಅಮಾನತು ಮಾಡಿದ್ದಾರೆ. ಪೊಲೀಸರು ಪ್ರಯೋಗಾಲಯದ ಪುಸ್ತಕಗಳನ್ನೆಲ್ಲ ಒಯ್ದರು. ಅದರಲ್ಲಿ ಇರುವುದು ನನ್ನ ಸಹಿ ಮಾತ್ರ. ಬಿಳಿ ಶೂ ನಾಪತ್ತೆ. ಎತ್ತಂಗಡಿಯಾದ ಮೇಲಧಿಕಾರಿ, "ನಾನು ಆಗ ಅಲ್ಲಿರಲೇ ಇಲ್ಲ" ಅಂದಿದ್ದಾರೆ. ಒಡೆದ ಚೂರುಗಳನ್ನು ಆರು ತಿಂಗಳಿಗೊಮ್ಮೆ ಲಾರಿ ಹಳ್ಳ ಮುಚ್ಚಲು ಒಯ್ಯುತ್ತದೆ, ಒಂದು ಚೂರೂ ಉಳಿದಿಲ್ಲ. ನನಗೆ ಅನುಮಾನ ಬಂದಿತ್ತು, ಹೇಳಿದ್ದೆ ಅನ್ನುವುದಕ್ಕೆ ಈ ಲೋಕದಲ್ಲಿ ಒಂದೇ ಒಂದು ಪುರಾವೆ ಇದೆ. ನವೆಂಬರ್ ಒಂಬತ್ತರಂದು ನಿನಗೆ ಬರೆದ ಕಾಗದ, ಅದರ ಜೊತೆಗಿನ ಹಾಳೆ, ಅಂಚೆ ಮುದ್ರೆ ಬಿದ್ದ ಲಕೋಟೆ. ನಕಲು ನನ್ನಲ್ಲಿಲ್ಲ. ಅಕ್ಕನಿಗೆ ಬರೆಯುವ ಕಾಗದಕ್ಕೆ ಯಾರು ನಕಲು ಇಟ್ಟುಕೊಳ್ಳುತ್ತಾರೆ?

ನಿನ್ನೆ ಟಿವಿಯಲ್ಲಿ ಭಾವನನ್ನು ನೋಡಿದೆ. "ಪ್ರಯೋಗಾಲಯ ಗಟ್ಟಿ ಅಂತು, ನಾನು ನಂಬಿದೆ. ಇದರ ಬಗ್ಗೆ ಯಾರೂ ನನಗೆ ಒಂದು ಮಾತೂ ಹೇಳಲಿಲ್ಲ" ಅಂದರು. ಕಣ್ಣಲ್ಲಿ ನೀರಿತ್ತು. ಅಮ್ಮ ಪಕ್ಕದಲ್ಲೇ ಕೂತಿದ್ದಳು. "ನೀನು ಹೇಳಿರಲಿಲ್ವೇನೇ?" ಅಂತ ನನ್ನನ್ನು ಕೇಳಿದಳು.

ವಿಚಾರಣಾ ಆಯೋಗದ ನ್ಯಾಯಮೂರ್ತಿಗಳು ನನ್ನನ್ನು ಬರುವ ತಿಂಗಳು ಕರೆಸುತ್ತಾರೆ. ನನ್ನ ವಕೀಲರು ಹೇಳಿದರು, ಕಾಗದ ಸಿಗದಿದ್ದರೆ ಕೊನೆಗೆ ಉಳಿಯುವುದು ನಾನೊಬ್ಬಳೇ, ಏಳು ವರ್ಷದವರೆಗೆ ಆಗಬಹುದು ಅಂತ.

ಆ ಕಾಗದ ಕಳಿಸು.

ಪುಟ್ಟಿ


7 ಸೆಪ್ಟೆಂಬರ್ 1994

ಅಕ್ಕಾ,

ಇದು ಮೂರನೆಯದು. ಹತ್ತೊಂಬತ್ತರದಕ್ಕೂ, ಆಮೇಲೆ ಬರೆದ ಎರಡು ಸಾಲಿನದಕ್ಕೂ ಉತ್ತರವಿಲ್ಲ. ಬಂಗಲೆಗೆ ಫೋನ್ ಮಾಡಿದೆ, ಪಿ.ಎ. ಎತ್ತಿ, "ಅಮ್ಮಾವ್ರಿಗೆ ಹುಷಾರಿಲ್ಲ" ಅಂದ. ನಿಜವಾಗಿ ಹುಷಾರಿಲ್ಲದಿದ್ದರೆ ಹೇಳು, ಅಮ್ಮನನ್ನು ಕಳಿಸುತ್ತೇನೆ.

ಸುಟ್ಟಿದ್ದರೆ ಅದನ್ನಾದರೂ ಹೇಳು. ಕಾಯುವುದನ್ನಾದರೂ ಬಿಡುತ್ತೇನೆ.

ಪುಟ್ಟಿ


23 ಸೆಪ್ಟೆಂಬರ್ 1994

ಪುಟ್ಟಿ,

ಸುಟ್ಟಿಲ್ಲ.

ಈ ಕಾಗದವನ್ನು ಬಂಗಲೆಯಿಂದ ಬರೆಯುತ್ತಿಲ್ಲ. ಎಲ್ಲಿಂದ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು, ನೀನು ಜನವರಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ. ಭಾವ ಆ ಹಾಳೆಯನ್ನು ಓದಲಿಲ್ಲ. ನಾನು ಕೊಡಲೇ ಇಲ್ಲ. 'ಹೇಳಿದ್ದೇನೆ, ನೋಡುತ್ತಾರಂತೆ' ಅಂತ ಬರೆದದ್ದು ಸುಳ್ಳು. ಹತ್ತು ತಿಂಗಳು ಆ ಸುಳ್ಳಿನ ಮೇಲೆ ನೀನು ಕೂತಿದ್ದೆ, ನಾನು ಕಿಟಕಿಯ ಬಣ್ಣ ಬರೆಯುತ್ತಿದ್ದೆ.

ಯಾಕೆ ಅಂತ ಕೇಳು. ನಿನ್ನ ಕಾಗದ ಬಂದ ದಿನ ಮಧ್ಯಾಹ್ನ ಹೊಸ ಮನೆಯ ಕೆಲಸ ನೋಡಲು ಹೋಗಿದ್ದೆ. ಅಂಗಳದಲ್ಲಿ ಜಲ್ಲಿಯ ರಾಶಿ. ನಸುಗೆಂಪು. ಅದರ ಪಕ್ಕ ಎರಡು ಸಾಲು ಕಬ್ಬಿಣದ ಅಚ್ಚುಗಳು, ಆಗ ತಾನೇ ತುಂಬಿದ್ದವು. ಒಬ್ಬಳು ಹೆಂಗಸು ಕುಕ್ಕರಗಾಲಿನಲ್ಲಿ ಕೂತು ಕೈಯಲ್ಲಿದ್ದ ಚೀಟಿ ನೋಡಿ ನೋಡಿ, ಹಸಿ ಕಾಂಕ್ರೀಟಿನ ಮೇಲೆ ಮೊಳೆಯಿಂದ ಗೀಚುತ್ತಿದ್ದಳು. ಹತ್ತಿರ ಹೋಗಿ ಓದಿದೆ. ಒಂದೊಂದರ ಮೇಲೂ ಒಂದೊಂದು ಹೊಳೆಯ ಹೆಸರು. "ಏನಮ್ಮಾ ಇದು?" ಅಂದೆ. "ಗೊತ್ತಿಲ್ಲ ಅಕ್ಕಾ, ನಿಮ್ಮ ಮನೆಗೆ ಕಲಸಿದ್ರಲ್ಲೇ ಇಷ್ಟು ತುಂಬಿ ಅಂತಾರೆ, ತುಂಬ್ತೀವಿ" ಅಂದಳು.

ನನ್ನ ಮನೆಗೆ ಒಳ್ಳೆಯ ಕಾಂಕ್ರೀಟು, ಪುಟ್ಟಿ. ಆ ಸೇತುವೆಗಳ ಗಟ್ಟಿತನವೆಲ್ಲ ನನ್ನ ಮನೆಯದು. ಅದನ್ನೇ ನೀನು ಅಲ್ಲಿ ಒಡೆದು ಅಳೆದು ಸಹಿ ಹಾಕುತ್ತಿದ್ದೆ.

ಆ ದಿನವೇ ನನಗೆ ಎಲ್ಲ ಅರ್ಥವಾಯಿತು. ಅವರಿಗೆ ನಿನ್ನ ಹಾಳೆ ಕೊಟ್ಟರೆ ಎರಡರಲ್ಲಿ ಒಂದಾಗಬೇಕು. ಅವರಿಗೆ ಗೊತ್ತಿಲ್ಲದಿದ್ದರೆ ಬಿಳಿ ಶೂ ಹೋಗುತ್ತಾನೆ, ಅವನು ಕಟ್ಟಿಕೊಡುತ್ತಿದ್ದ ಮನೆ ಹೋಗುತ್ತದೆ, ಮುಖ್ಯಮಂತ್ರಿ ಕುರ್ಚಿ ಹೋಗುತ್ತದೆ. ಗೊತ್ತಿದ್ದರೆ, ಗೊತ್ತಿದೆ ಅನ್ನುವುದು ನನಗೂ ಗೊತ್ತಾಗುತ್ತದೆ. ಎರಡೂ ಬೇಡವಾಗಿತ್ತು. ಬೀರುವಿನಲ್ಲಿ ಸೀರೆಗಳ ಕೆಳಗೆ ಹಾಸುವ ಕಾಗದ ಇರುತ್ತದಲ್ಲ, ಅದರಡಿ ಇಟ್ಟೆ. ನಿನ್ನ ಬಾಯಿ ಮುಚ್ಚಿಸಲು ಬಡ್ತಿ ಕೇಳಲಿಲ್ಲ. ನಿನಗೆ ಮಾಡಿದ್ದಕ್ಕೆ ಏನಾದರೂ ಕೊಡಬೇಕು ಅನ್ನಿಸಿ ಕೇಳಿದೆ. ನಿನ್ನ ಸಹಿಯೊಂದೇ ಉಳಿಯುತ್ತದೆ ಅನ್ನುವುದು ಹೊಳೆಯಲಿಲ್ಲ. ನಂಬಿದರೆ ನಂಬು.

ಸೇತುವೆ ಬಿದ್ದ ಮೇಲೆ ನಿನ್ನ ಮೂರು ಕಾಗದವೂ ನನಗೆ ಸಿಕ್ಕಿದವು. ಮಾಲಿ ತಂದು ಕೊಟ್ಟ. ಉತ್ತರ ಬರೆಯಲು ಕೈ ಬರಲಿಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಅವರು ಗಡ್ಡ ಹೆರೆಯುತ್ತಿದ್ದಾಗ ಹಿಂದೆ ನಿಂತು ಎಲ್ಲ ಹೇಳಿದೆ. ಹಾಳೆ ಮುಚ್ಚಿಟ್ಟದ್ದು, ಅಚ್ಚು ನೋಡಿದ್ದು. ಬೈಯುತ್ತಾರೆ, ಯಾಕೆ ಹೇಳಲಿಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಅಂತ ಆಸೆಯಿತ್ತು. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ, "ಕೊಡದೆ ಇದ್ದಿದ್ದು ಒಳ್ಳೇದೇ ಆಯ್ತು. ನನ್ನ ಕೈಗೆ ಬಂದಿದ್ರೆ ನಾನು ಏನಾದ್ರೂ ಮಾಡಬೇಕಾಗ್ತಿತ್ತು" ಅಂದರು.

"ಗೊತ್ತಿತ್ತಾ?" ಅಂದೆ.

"ಅಚ್ಚು ನಮ್ಮ ಮನೆ ಅಂಗಳದಲ್ಲೇ ಇಡಿ ಅಂದೋನು ನಾನೇ ಕಣೇ. ಅಲ್ಲಾದ್ರೆ ಯಾರೂ ಬಂದು ಇಣುಕಲ್ಲ. ನಿಮ್ಮಪ್ಪನ ಕೈಕೆಳಗೆ ಇಷ್ಟೂ ಕಲೀದಿದ್ರೆ ಹೇಗೆ?"

ನಕ್ಕರು. ನಿಜವಾಗಿ ನಕ್ಕರು ಪುಟ್ಟಿ, ಕೆನ್ನೆಯ ನೊರೆ ಅಲುಗಾಡಿತು.

"ಸೇತುವೆ ಬೀಳುತ್ತೆ ಅಂತ ಗೊತ್ತಿತ್ತಾ?"

"ಅಷ್ಟು ಬೇಗ ಅಂತ ಗೊತ್ತಿರ್ಲಿಲ್ಲ. ಎಲ್ಲಾರೂ ಸಿಮೆಂಟು ಸ್ವಲ್ಪ ಕಮ್ಮಿ ಹಾಕ್ತಾರೆ, ಅವನು ಜಾಸ್ತಿ ಕಮ್ಮಿ ಹಾಕಿದ." ಆಮೇಲೆ ಮುಖ ಒರೆಸಿಕೊಂಡು ನನ್ನ ಹೆಗಲ ಮೇಲೆ ಕೈಯಿಟ್ಟರು. "ಆ ಕಾಗದ ತಗೊಂಬಾ, ಮುಗಿಸಿಬಿಡೋಣ. ಪುಟ್ಟಿಗೇನು, ಗಂಡ ಇಲ್ಲ, ಮಕ್ಕಳಿಲ್ಲ. ಎರಡು ಮೂರು ವರ್ಷ. ಆಮೇಲೆ ನಾವೇ ನೋಡ್ಕೊಂಡ್ರಾಯ್ತು."

ಆ ಮಾತು ನನ್ನದು. ಫೆಬ್ರವರಿಯಲ್ಲಿ ನಾನೇ ನಿನಗೆ ಬರೆದದ್ದು. ನಾನು ಅವರ ಮುಂದೆ ಅದನ್ನು ಆಡಿರಲಿಲ್ಲ. ಇಬ್ಬರೂ ಬೇರೆ ಬೇರೆ ಕೂತು ಒಂದೇ ತೀರ್ಮಾನಕ್ಕೆ ಬಂದಿದ್ದೆವು, ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ, ಅವಳನ್ನು ಖರ್ಚು ಮಾಡಬಹುದು ಅಂತ.

"ತರ್ತೀನಿ" ಅಂದೆ. ಬೀರುವಿನ ಕಡೆ ಹೋದೆ. ಸೀರೆ ಎತ್ತಿ ಕಾಗದ ತೆಗೆದುಕೊಂಡೆ, ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬಂದೆ. ಕಾರು ಬೇಡ ಅಂತ ರಸ್ತೆಯವರೆಗೆ ನಡೆದು ಆಟೋ ಹಿಡಿದೆ. ಅವತ್ತಿನಿಂದ ಇಲ್ಲೇ, ಅಪ್ಪನ ಹತ್ತಿರ ಕೆಲಸ ಮಾಡುತ್ತಿದ್ದ ಬಡಗಿಯ ಹೆಂಡತಿಯ ಮನೆಯಲ್ಲಿದ್ದೇನೆ. ಅವರಿಗೆ ಒಂದೇ ಕೋಣೆ. ಯಾಕೆ ಬಂದೆ ಅಂತ ಕೇಳಲಿಲ್ಲ.

ನಿನ್ನೆ ಆಯೋಗದ ಕಚೇರಿಗೆ ಹೋದೆ. ಗುಮಾಸ್ತ ತಲೆ ಎತ್ತದೆ, "ಇವು ಯಾರವು?" ಅಂದ. ತಂಗಿಯವು ಅಂದೆ. "ಯಾರಿಗೆ ಬರೆದಿದ್ದು?" ನನಗೆ. "ನೀವು ಯಾರು?" ಮೇಸ್ತ್ರಿಯ ದೊಡ್ಡ ಮಗಳು ಅಂತ ಬಾಯಿಗೆ ಬಂತು, ಹೇಳಿಬಿಟ್ಟೆ. ಅವನು ಅದನ್ನು ಬರೆದುಕೊಳ್ಳಲಿಲ್ಲ, ಗಂಡನ ಹೆಸರು ಕೇಳಿದ. ಹೇಳಿದಾಗ ಪೆನ್ನು ಕೆಳಗಿಟ್ಟು ಎದ್ದು ನಿಂತ. ಆಮೇಲೆ ಕುರ್ಚಿ ಸಿಕ್ಕಿತು, ನೀರು ಸಿಕ್ಕಿತು. ಎರಡೂವರೆ ಗಂಟೆ ಹೇಳಿಕೆ ಕೊಟ್ಟೆ. ಮುಚ್ಚಿಟ್ಟದ್ದು ನಾನೇ, ತಂಗಿಗೆ ಸುಳ್ಳು ಬರೆದದ್ದು ನಾನೇ, ಮನೆ ನನ್ನ ಹೆಸರಿನಲ್ಲೇ ಇದೆ ಅಂತ ಒಂದೊಂದಕ್ಕೂ ಸಹಿ ಹಾಕಿದೆ. ನನ್ನ ಮೇಲೂ ಮೊಕದ್ದಮೆ ಆಗುತ್ತದಂತೆ. ಆಗಲಿ.

ಒಂದು ಕೆಲಸ ನಿನ್ನದು. ನನ್ನ ಕಾಗದಗಳನ್ನು ಒಲೆಗೆ ಹಾಕು ಅಂದಿದ್ದೆ. ಹಾಕಿಲ್ಲ ಅಂತ ನನಗೆ ಗೊತ್ತು, ನೀನು ಹಳೆಯ ಬಸ್ ಟಿಕೆಟ್ಟೂ ಬಿಸಾಡುವವಳಲ್ಲ. ಅವನ್ನೂ ಆಯೋಗಕ್ಕೆ ಕೊಡು. ನವೆಂಬರಿನದು ಕೊಡು, ಫೆಬ್ರವರಿಯದೂ ಕೊಡು. ನನ್ನ ಮರ್ಯಾದೆ ನೋಡಿ ಒಂದನ್ನೂ ತೆಗೆದಿಡಬೇಡ.

ಅಕ್ಕ


8 ಅಕ್ಟೋಬರ್ 1994

ಅಕ್ಕಾ,

ಭಾವನನ್ನು ಪೊಲೀಸರು ಬಂಗಲೆಯಿಂದ ಕರೆದೊಯ್ಯುವುದನ್ನು ಟಿವಿಯಲ್ಲಿ ತೋರಿಸಿದರು. ಹೋದ ವರ್ಷ 'ಸುತ್ತಿಗೆ, ಸುತ್ತಿಗೆ' ಅಂದವರೇ ಗೇಟಿನ ಹೊರಗೆ ನಿಂತು ಅದೇ ಹೆಸರು ಕೂಗುತ್ತಿದ್ದರು, ಕೈಯಲ್ಲಿ ಕಲ್ಲು ಹಿಡಿದುಕೊಂಡು. ಅಮ್ಮ ಎದ್ದು ಟಿವಿ ಆರಿಸಿದಳು. ಅಳಲಿಲ್ಲ. "ಅವಳು ಊಟ ಮಾಡಿದ್ಲೋ ಇಲ್ವೋ" ಅಂದಳು.

ನಿನ್ನ ಕಾಗದಗಳನ್ನು ಕೊಟ್ಟೆ. ಐದು. ಒಂದನ್ನೂ ತೆಗೆದಿಡಲಿಲ್ಲ. ಫೆಬ್ರವರಿಯದನ್ನು ಕೊಡುವಾಗ ಕೈ ಸ್ವಲ್ಪ ತಡೆಯಿತು. ನಿನಗೋಸ್ಕರ ತಡೆಯಿತು ಅಂತ ತಿಳಿಯಬೇಡ. ಆ ಸಾಲನ್ನು ಅಪರಿಚಿತರು ಓದುವುದು ನನಗೇ ಬೇಡವಾಗಿತ್ತು.

ನ್ಯಾಯಮೂರ್ತಿಗಳು ಒಂದೇ ಪ್ರಶ್ನೆಯನ್ನು ಮೂರು ಥರ ತಿರುಗಿಸಿ ಕೇಳಿದರು. ನಿಮಗೆ ಅನುಮಾನ ಇತ್ತು, ಸರ್ಕಾರಕ್ಕೆ ಬರೆಯದೆ ಅಕ್ಕನಿಗೆ ಯಾಕೆ ಬರೆದಿರಿ? ನಾನು, "ಮನೆಯ ಮಾತು ಅಂದುಕೊಂಡೆ ಸ್ವಾಮಿ" ಅಂದೆ. ಅವರು ಕನ್ನಡಕ ತೆಗೆದು, "ಬಸ್ಸಿನಲ್ಲಿದ್ದವರು ನಿಮ್ಮ ಮನೆಯವರಾ ಅಮ್ಮ?" ಅಂದರು. ಭಾವ ಗೊತ್ತಿದ್ದೂ ಮಾಡಿದರು, ನೀನು ಗೊತ್ತಾದ ಮೇಲೆ ಮುಚ್ಚಿಟ್ಟೆ, ನಾನು ಗೊತ್ತಿದ್ದೂ ಸಹಿ ಹಾಕಿದೆ. ನನ್ನದು ಕಡಿಮೆ ಅಂತ ವಕೀಲರು ಹೇಳುತ್ತಾರೆ. ಈಗ ಏಳು ವರ್ಷದ ಮಾತಿಲ್ಲವಂತೆ, ಕೆಲಸ ಮಾತ್ರ ಹೋಗುತ್ತದಂತೆ. ಅದು ನೀನು ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬಂದದ್ದರಿಂದ. ಅದನ್ನು ಮರೆಯುವುದಿಲ್ಲ. ಅಷ್ಟಕ್ಕೆ ಎಲ್ಲ ತೀರಿತು ಅಂತ ಬರೆಯಲು ಕೂತೆ, ಎರಡು ಹಾಳೆ ಹರಿದೆ. ಅದನ್ನು ಸದ್ಯಕ್ಕೆ ಕೇಳಬೇಡ.

ಇಪ್ಪತ್ತೊಂದನೇ ತಾರೀಕು ಬಹಿರಂಗ ವಿಚಾರಣೆ. ನಿನಗೂ ಸಮನ್ಸ್ ಬಂದಿರಬೇಕು. ಜಾಗ ನೋಡಿಕೊಂಡು ಬಂದೆ. ಉದ್ದನೆಯ ಸಭಾಂಗಣ. ಸಾಕ್ಷಿಗಳಿಗೆ ಗೋಡೆಯ ಪಕ್ಕ ಒಂದು ಬೆಂಚು. ಅದರ ಎದುರಿಗೆ, ನಾಲ್ಕು ಹೆಜ್ಜೆ ಆಚೆ, ಸತ್ತವರ ಮನೆಯವರಿಗೆ. ನಡುವೆ ಮೇಜು ಕೂಡ ಇಲ್ಲ. ಒಂಬತ್ತು ಮನೆಯವರೂ ಬರುತ್ತಾರಂತೆ. ಎಷ್ಟು ಹೊತ್ತಾಗುತ್ತದೋ ಹೇಳಲು ಬರುವುದಿಲ್ಲ, ಒಂದು ದಿನದಲ್ಲಿ ಮುಗಿಯುವುದಿಲ್ಲ ಅಂದರು.

ನೀನು ಗೋಡೆಯ ಕಡೆಗೆ ಕೂತುಕೋ, ನಾನು ಈಚೆ ಕೂರುತ್ತೇನೆ. ಅವರಲ್ಲಿ ಯಾರಾದರೂ ಏನಾದರೂ ಅಂದರೆ ಸೆರಗು ಮುಖಕ್ಕೆ ಎಳೆದುಕೊಳ್ಳಬೇಡ, ಎದ್ದು ಹೋಗಬೇಡ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳೋಣ.

ಪುಟ್ಟಿ